ಫ್ಲೂಟಲ್ಲಿ ಕೇಳಿದ್ದಕ್ಕೆ ಪಕ್ಕದ್ಮನೆ ಅಜ್ಜಿ ಓಗೊಟ್ಟಿದ್ದು

ಮಂಗಳವಾರದಿಂದ ನೆನೆಸ್ಕೊಂಡು ಒಬ್ಬಳೇ ನಗ್ತಿದ್ದೀನಿ. ಮಡಿಕೇರಿಲಿ ಕಕ್ಕಡ ಮಳೆ, ಕರೆಂಟಿಲ್ಲ, ನಾನು ಜಪಾನಿನ ಸಂಗೀತ ಸಂಯೋಜಕ ಟಕೆಮಿತ್ಸು ಅವ್ರ 'ವಾಯ್ಸ್' ಹಿಡ್ಕೊಂಡು ಕೂತಿದ್ದೆ. 1971ರದ್ದು, ಒಂದೇ ಫ್ಲೂಟಿಗೆ ಬರ್ದಿರೋದು, ಊದೋದಷ್ಟೇ ಅಲ್ಲ, ಫ್ಲೂಟ್ ತುಟಿಗಿಟ್ಕೊಂಡೇ 'ಯಾರಲ್ಲಿ' ಅಂತ ಫ್ರೆಂಚಲ್ಲಿ ಕೇಳ್ಬೇಕು, ಕೊನೆಗೆ ಇಂಗ್ಲಿಷಲ್ಲೂ. ನನ್ನ ಫ್ರೆಂಚಿಗೆ ನಮ್ಮನೆ ನಾಯಿನೂ ಎದ್ದು ಹೋಗತ್ತೆ, ಅದಕ್ಕೆ ಪ್ರಾಕ್ಟೀಸಿಗೆ ಕನ್ನಡದಲ್ಲೇ ಕೂಗ್ತಿದ್ದೆ.

"ಯಾರಲ್ಲಿ?"

"ನಾನೇ ಮಾರಾಯ್ತಿ, ಕಣಿಲೆ ಪಲ್ಯ ತಂದೆ, ಬಾಗ್ಲು ತೆಗಿ, ನೆಂದ್ಹೋದೆ!"

ಪಕ್ಕದ್ಮನೆ ಅಜ್ಜಿ. ಒಳಗೆ ಬಂದವ್ರು ಡಬ್ಬ ಇಟ್ಟು, ನಾನು ಊದದೆ ಬರೀ ಕೀ ಟಪ್ ಟಪ್ ಅಂತ ಬಡಿಯೋದು ನೋಡಿ "ಪಾಪ, ಕೊಳಲಿಗೂ ಥಂಡಿ ಹಿಡೀತಾ?" ಅಂದ್ರು. ಇಲ್ಲ ಅಜ್ಜಿ, ಹೀಗೆ ಬಡಿಯೋದನ್ನ ವರೇಸ್ ಅನ್ನೋರು 1936ರಲ್ಲೇ 'ಡೆನ್ಸಿಟಿ 21.5'ನಲ್ಲಿ ಬರ್ದಿದ್ದಾರೆ, ಪ್ಲಾಟಿನಂ ಫ್ಲೂಟಿಗೆ, ಆ ಲೋಹದ ಸಾಂದ್ರತೆನೇ ಹೆಸರು ಅಂದೆ. "ಪ್ಲಾಟಿನಂ ಇಟ್ಕೊಂಡು ಬಡಿಯೋದಾ" ಅಂತ ಬೇಜಾರು ಮಾಡ್ಕೊಂಡ್ರು. ಥಂಡಿ ವಿಷಯ ಮಾತ್ರ ಅರ್ಧ ನಿಜ, ಈ ಮಳೇಲಿ ಕೀ ಕೆಳಗಿನ ಮೆತ್ತನೆ ಪ್ಯಾಡ್ ಎಲ್ಲಾ ಅಂಟ್ಕೊಳ್ಳತ್ತೆ, ಸಿಗರೇಟ್ ಪೇಪರ್ ಇಟ್ಟು ಒತ್ತಿ ಒತ್ತಿ ಒಣಗಿಸ್ಬೇಕು, ಅಂಗಡಿಯವ್ನು ನನ್ನ ನೋಡೋ ನೋಟವೇ ಬೇರೆ ಆಗಿದೆ.

ಆದ್ರೆ ಆ "ನಾನೇ ಮಾರಾಯ್ತಿ" ತಲೆಯಿಂದ ಹೋಗ್ತಿಲ್ಲ. ಬೆಂಗಳೂರಿನ ನಮ್ ಸರ್ ಎರಡು ತಿಂಗಳಿಂದ ವಿಡಿಯೋ ಕಾಲಲ್ಲಿ ಒಂದೇ ಮಾತು, "ಸೌಂಡೆಲ್ಲಾ ಬಂತಮ್ಮ, ಯಾರನ್ನ ಕೇಳ್ತಿದ್ದೀಯ ಗೊತ್ತಾಗ್ತಿಲ್ಲ." ಒಳ್ಳೆಯವ್ರೇ, ಒಗಟು ಸ್ವಲ್ಪ ಜಾಸ್ತಿ. ನಾನೋ ಒಂದೇ ಉಸಿರಲ್ಲಿ ಎರಡು ಸ್ವರ ಒಟ್ಟಿಗೆ ಹೊರಡಿಸೋ ಮಲ್ಟಿಫೋನಿಕ್ಸ್ ಹಿಂದೆ ಬಿದ್ದಿದ್ದೆ, ಗಾಳಿ ಚೂರು ಜೋರಾದ್ರೆ ಕೆಳಗಿನ ಸ್ವರ ಸತ್ತೋಗತ್ತೆ, ಮೆಲ್ಲಗಾದ್ರೆ ಮೇಲಿನದು ಬರೋದೇ ಇಲ್ಲ, ತುಟಿ ಕೂದಲೆಳೆಯಷ್ಟು ಜರುಗಿದ್ರೂ ಬರೀ ಬುಸ್. ಅದು ಒಂದ್ಸಲ ಕೂತ್ಕೊಂಡ್ರೆ ಸಾಕು ಅಂತ ಪ್ರಶ್ನೆ ಮುಗಿಯೋ ಮೊದ್ಲೇ ಮುಂದಿನ ಸ್ವರಕ್ಕೆ ಓಡ್ತಿದ್ದೆ. ಯಾರೋ ಉತ್ತರ ಕೊಡಬಹುದು ಅಂತ ಹೊಳೆದೇ ಇರ್ಲಿಲ್ಲ, ಈಗ ನೋಡಿದ್ರೆ ಕೇಳಿದ ತಕ್ಷಣ ಕಿವಿ ಬಾಗಿಲ ಕಡೆ ಹೋಗತ್ತೆ, ಉಸಿರು ತಾನಾಗೇ ನಿಲ್ಲತ್ತೆ.

ಗುರುವಾರ ಡಬ್ಬ ವಾಪಸ್ ತಗೊಳ್ಳೋಕೆ ಬಂದ್ರು ಅನ್ಸತ್ತೆ, ಬೆಲ್ ಒತ್ತಿಲ್ಲ, ಬಾಗ್ಲೂ ತಟ್ಟಿಲ್ಲ. ಕಿಟಕಿಯಿಂದ ನೋಡಿದ್ರೆ ಜಗಲೀಲಿ ಕೊಡೆ ಮಡಚ್ಕೊಂಡು ನಿಂತಿದ್ದಾರೆ.

"ಇವತ್ತು ಯಾರು ಅಂತ ಕೇಳಲ್ವಾ?"