ಕೆಪಾಸಿಟರ್‌ಗಿಂತ ಮೊದಲು ಅರ್ತ್ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ನಾನು ಕಾರ್ ಆಡಿಯೊ ಫಿಟ್ಟಿಂಗ್ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬಾಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ ಎಂಬ ದೂರಿನೊಂದಿಗೆ ಹಳೆಯ ಕಾರೊಂದು ಬಂತು. ಡಿಕ್ಕಿಯಲ್ಲಿ 500 ವ್ಯಾಟ್‌ನ ಆಂಪ್ಲಿಫೈಯರ್ ಇತ್ತು. ಕರೆಂಟನ್ನು ಕೂಡಿಟ್ಟುಕೊಂಡು ಬಾಸ್ ಹೊಡೆದ ಕ್ಷಣ ಆಂಪ್ಲಿಫೈಯರ್‌ಗೆ ಕೊಡುವ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡೆ. 1000 ವ್ಯಾಟ್‌ಗೆ 1 ಫ್ಯಾರಡ್ (ಕೆಪಾಸಿಟರ್‌ನ ಅಳತೆ) ಎಂಬುದು ನಮ್ಮ ಕೆಲಸದ ರೂಢಿಯ ಲೆಕ್ಕವಾದ್ದರಿಂದ, 1 ಫ್ಯಾರಡ್‌ನದು ಧಾರಾಳವಾಯಿತು ಎಂದು ಮೀಟರ್ ಹಿಡಿಯದೆಯೇ ತೀರ್ಮಾನಿಸಿಬಿಟ್ಟೆ.

ಕೂರಿಸುವಾಗ ಇನ್ನೊಂದು ತಪ್ಪು ಮಾಡಿದೆ. ಖಾಲಿ ಕೆಪಾಸಿಟರ್‌ಗೆ ಬ್ಯಾಟರಿಯ ವೈರನ್ನು ನೇರವಾಗಿ ತಾಗಿಸಿದರೆ, ಒಳಗೆ ತಡೆಯೇ ಇಲ್ಲದಂತಾಗಿ ಒಮ್ಮೆಲೇ ಭಾರೀ ಕರೆಂಟ್ ಹರಿಯುತ್ತದೆ. ಚಟ್ಟೆಂದು ಕಿಡಿ ಹಾರಿ, ವೈರಿನ ತುದಿಯ ರಿಂಗ್ ಟರ್ಮಿನಲ್‌ನ ಅಂಚು ಕರಗಿ, ಫ್ಯೂಸ್ ಹೋಯಿತು. ಅಂಗಡಿಯ ಹಿರಿಯ ಎಲೆಕ್ಟ್ರಿಷಿಯನ್ ಬಂದು, "ಬಲ್ಬ್ ಹಾಕದೆ ಯಾಕಪ್ಪ ಕೊಟ್ಟೆ?" ಎಂದು ಕೇಳಿದರು. ಅವರು ಕೆಪಾಸಿಟರ್‌ನ ನೆಗೆಟಿವ್ ಅನ್ನು ಮೊದಲು ಕಾರಿನ ಲೋಹದ ಬಾಡಿಗೆ ಬಿಗಿದು, ಹೊಸ ಫ್ಯೂಸ್ ಹಾಕಿ, ಪಾಸಿಟಿವ್ ವೈರಿಗೂ ಕೆಪಾಸಿಟರ್‌ಗೂ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬನ್ನು ಹಿಡಿದರು. ಬಲ್ಬ್ ಕರೆಂಟನ್ನು ತಡೆದು ನಿಧಾನವಾಗಿ ಬಿಡುತ್ತದೆ. ಅದು ಝಗ್ಗೆಂದು ಹೊತ್ತಿ, ಕೆಪಾಸಿಟರ್ ತುಂಬುತ್ತಿದ್ದಂತೆ ಕ್ರಮೇಣ ಕೆಂಪಾಗಿ, ಆರಿತು. ಅದು ಆರಿದ ಮೇಲೆಯೇ ವೈರನ್ನು ನೇರವಾಗಿ ಬಿಗಿಯಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಕೆಪಾಸಿಟರ್ ಸಿಡಿಯಬಹುದಾದ್ದರಿಂದ ಅದನ್ನು ಎರಡೆರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಹೆಡ್‌ಲೈಟ್ ಮೊದಲಿನಂತೆಯೇ ಮಂಕಾಗುತ್ತಿತ್ತು. ಆಗ ಎಂಜಿನ್ ಓಡುತ್ತಿರುವಂತೆಯೇ ಬಾಸ್ ಜೋರಾಗಿಟ್ಟು ಅಳೆದೆವು. ಬ್ಯಾಟರಿಯ ಮೇಲೆ 13.7 ವೋಲ್ಟ್ ಇದ್ದರೆ, ಆಂಪ್ಲಿಫೈಯರ್ ಬಳಿ ಬರೀ 12.2 ವೋಲ್ಟ್ ಇತ್ತು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಬಾಡಿಯ ಬರಿಯ ಲೋಹಕ್ಕೂ ಇಟ್ಟಾಗ ಅಲ್ಲೇ 1.1 ವೋಲ್ಟ್ ಕಾಣಿಸಿತು. ಬ್ಯಾಟರಿಯಿಂದ ಬಾಡಿಗೆ ಹೋಗುವ, ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿಯಾದ ಅರ್ತ್ ವೈರಿನ ಲಗ್‌ (ತುದಿಯ ಲೋಹದ ಕೊಂಡಿ) ಒಳಗೆ ಹಸಿರು ಪುಡಿ ಕಟ್ಟಿತ್ತು. ಆ ಜಾಗದಲ್ಲಿ 0.02 ಓಮ್‌ನಷ್ಟು ತಡೆ ಇದ್ದರೂ ಸಾಕು, 50 ಆಂಪಿಯರ್ ಹರಿದಾಗ ಪೂರ್ತಿ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹೆಡ್‌ಲೈಟಿನ ಅರ್ತ್ ಕೂಡ ಅದೇ ಬಾಡಿಯ ಮೂಲಕ ಹೋಗುವುದರಿಂದ ಅದೂ ಮಂಕಾಗುತ್ತಿತ್ತು. ಬಾಡಿಯ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ದಪ್ಪನೆಯ ಹೊಸ ವೈರ್ ಬಿಗಿದೆವು. 1.1 ಇದ್ದದ್ದು 0.1ಕ್ಕೆ ಇಳಿಯಿತು.

ಕೆಪಾಸಿಟರ್ ಮಾಡುವ ಕೆಲಸ ಚಿಕ್ಕದಾದರೂ ನಿಜವಾದದ್ದು. 14 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಯುವಾಗ 1 ಫ್ಯಾರಡ್ ಕೊಡುವುದು 26 ಜೂಲ್ ಶಕ್ತಿ. 500 ವ್ಯಾಟ್ ಎಳೆಯುವ ಆಂಪ್ಲಿಫೈಯರ್‌ಗೆ ಅದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಹೊತ್ತಿಗೆ ಮಾತ್ರ ಸಾಕು. ಒಂದು ಡ್ರಮ್ ಏಟಿನ ಮೊದಲ ಕ್ಷಣಕ್ಕೆ ಅದು ಆಸರೆಯಾಗುತ್ತದೆಯೇ ಹೊರತು, ಸೋತ ಆಲ್ಟರ್ನೇಟರಿಗಾಗಲಿ (ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಯಂತ್ರ) ಕೆಟ್ಟ ಅರ್ತಿಗಾಗಲಿ ಬದಲಿಯಾಗುವುದಿಲ್ಲ. ಆ ಕಾರಿಗೆ ಅದು ಬೇಕಿರಲಿಲ್ಲ. ಮಾಲೀಕರಿಗೆ ಹಣ ಹಿಂದಿರುಗಿಸುವುದೆಂದು ನಿರ್ಧರಿಸಿ, ವೈರ್ ಬಿಚ್ಚಿ, ಕೆಪಾಸಿಟರ್ ಖಾಲಿ ಮಾಡಲು ಅದೇ ಬಲ್ಬನ್ನು ಅದರ ಎರಡು ತುದಿಗಳಿಗೆ ಹಿಡಿದೆ. "ಇಷ್ಟೇನಾ ಇದರಲ್ಲಿ ಇದ್ದದ್ದು?" ಎಂದು ಪಕ್ಕದಲ್ಲಿ ನಿಂತಿದ್ದ ಮಾಲೀಕರು ಕೇಳಿ ಮುಗಿಸುವಷ್ಟರಲ್ಲಿ ಬಲ್ಬ್ ಕೆಂಪಾಗತೊಡಗಿತ್ತು.