ದೋಣಿ ಎಲ್ಲಿ?

ಹೋದ ಭಾನುವಾರ ಪೂಜೆ ಮುಗಿದ ಮೇಲೆ, ನಮ್ಮ ಇಗರ್ಜಿಯ ಸ್ಮರಣ ಸಂಚಿಕೆಗಾಗಿ ನಾನು ಬರೆದ ಚರಿತ್ರೆಯನ್ನು ಸಮಿತಿಯ ಮುಂದೆ ಓದಿದೆ. ಮೂಲೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಹಿರಿಯ ಮಾವ್ಶಿಯೊಬ್ಬರು (ಕೊಂಕಣಿಯಲ್ಲಿ ಚಿಕ್ಕಮ್ಮ) ಕೊನೆಗೆ ಕೇಳಿದ್ದು ಒಂದೇ ಮಾತು: “ಎಲ್ಲ ಉಂಟು ಪುತಾ, ದೋಣಿ ಎಲ್ಲಿ?”

ವಾರವಿಡೀ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಇಗರ್ಜಿಗಳನ್ನು ಕೆಡವಿದಾಗಲೂ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಉಳಿದುಕೊಂಡದ್ದು, 1799ರ ನಂತರ ಬದುಕುಳಿದವರು ಮರಳಿ ಬಂದು ನೇತ್ರಾವತಿಯ ದಂಡೆಯಲ್ಲಿ ಗೇಣಿಗೆ ನೆಲ ಹಿಡಿದು ಗದ್ದೆ, ತೋಟ ಎಬ್ಬಿಸಿದ್ದು ಇವೆಲ್ಲ ನನ್ನ ಬರಹದಲ್ಲಿದ್ದವು. ಗುರುಗಳ ಪಟ್ಟಿ ಎರಡು ಪುಟ. ದಾನಿಗಳದ್ದು, ಹೇಳಲು ಸಂಕೋಚವಾಗುತ್ತದೆ, ಮೂರು ಪುಟ.

ದೋಣಿ ಇರಲಿಲ್ಲ. ಇಗರ್ಜಿ ಆಚೆ ದಡದಲ್ಲಿದ್ದ ಕಾಲದಲ್ಲಿ ಈಚೆಯವರೆಲ್ಲ ಭಾನುವಾರ ನಸುಕಿನಲ್ಲೇ ದೋಣಿ ಹತ್ತುವ ಕಡವಿಗೆ ಇಳಿಯುತ್ತಿದ್ದರು. ಹೊಸ ಬಟ್ಟೆ ಗಂಟಿನಲ್ಲಿ, ಚಪ್ಪಲಿ ಕೈಯಲ್ಲಿ. ದೋಣಿ ನಡೆಸುತ್ತಿದ್ದವರು ಕರಾವಳಿಯ ಮುಸ್ಲಿಮರಾದ ಬ್ಯಾರಿ ಮನೆತನದ ಅಪ್ಪ ಮತ್ತು ಮಕ್ಕಳು. ಕೈಯಲ್ಲಿ ಕಾಸು ಕೊಡುವ ಪದ್ಧತಿ ಇರಲಿಲ್ಲ, ಕೊಯ್ಲಾದ ಮೇಲೆ ಮನೆಮನೆಯಿಂದ ಭತ್ತ ಅಳೆಯುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಹುಟ್ಟಿದ ಮಗುವಿನ ಜ್ಞಾನಸ್ನಾನವೂ ಕಾಯಬೇಕಿತ್ತು. ಶವಪೆಟ್ಟಿಗೆಯನ್ನು ದೋಣಿಗೆ ಅಡ್ಡವಾಗಿ ಇಟ್ಟರೆ ಅದು ವಾಲುತ್ತದೆಂದು ಉದ್ದಕ್ಕೆ ಇಟ್ಟು, ಇಬ್ಬರು ಹೇಗೆ ಎರಡೂ ಬದಿಯಲ್ಲಿ ಮಂಡಿಯೂರಿ ಹಿಡಿದುಕೊಳ್ಳುತ್ತಿದ್ದರೆಂಬುದನ್ನು ಮಾವ್ಶಿ ತಮ್ಮ ಕೊಡೆಯನ್ನೇ ಬೆಂಚಿನ ಮೇಲೆ ಮಲಗಿಸಿ ತೋರಿಸಿದರು. ಈಚೆ ದಡದಲ್ಲೇ ಒಂದು ಇಗರ್ಜಿ ಬೇಕೆಂಬ ಹಟ ಹುಟ್ಟಿದ್ದು ಅಂಥ ಮಳೆಗಾಲಗಳಲ್ಲಿ. ಅದು ಎದ್ದಾಗ ಮಂಗಳೂರಿನ ಹಂಚು ಬಂದದ್ದೂ ಅದೇ ಕಡವಿಗೆ. ಹಂಚು ಕೊಡಿಸಿದವರ ಹೆಸರು ಅಮೃತಶಿಲೆಯಲ್ಲಿ ಕೆತ್ತಲ್ಪಟ್ಟಿದೆ.

“ದೋಣಿಯವರು ನಮ್ಮ ಫಿರ್ಗಜೆಯವರಲ್ಲವಲ್ಲ, ನಮ್ಮ ಇಗರ್ಜಿಗೆ ಸೇರಿದವರಲ್ಲ” ಎಂದರು ಸಮಿತಿಯ ಹಿರಿಯರೊಬ್ಬರು. ಕೆಟ್ಟ ಮನುಷ್ಯರಲ್ಲ, ಆದರೆ ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ನಂಬುವ ಜಾತಿಯವರು. ನಾನೂ ಹಾಗೆಯೇ ಬರೆದಿದ್ದೆನಲ್ಲ, ಅವರನ್ನು ದೂರಿ ಏನು ಫಲ? ಜ್ಞಾನಸ್ನಾನದ ಪುಸ್ತಕವನ್ನು ತಿರುವಿ ಹಾಕಿದ ನಾನು ಸೇತುವೆಯ ಕೆಳಗೆ ಕೊಳೆಯುತ್ತಿರುವ ಕಡವಿನ ಮೆಟ್ಟಿಲುಗಳತ್ತ ಒಮ್ಮೆಯೂ ಇಳಿದಿರಲಿಲ್ಲ.

ನಿನ್ನೆ ಸಂಜೆ ಮಾವ್ಶಿಯ ಮನೆಗೆ ಹೋಗಿ ದೋಣಿಯವರ ಹೆಸರು ಕೇಳಿದೆ. ಅಪ್ಪನದು, ಇಬ್ಬರು ಮಕ್ಕಳದು ಹೇಳಿದರು. ಮೂರನೆಯವನ ಹೆಸರು ನಾಲಗೆಯ ತುದಿಯಲ್ಲಿದೆ ಎಂದು ಬಹಳ ಹೊತ್ತು ಹೊಳೆಯ ಕಡೆ ನೋಡುತ್ತ ಕುಳಿತರು. ಸಂಚಿಕೆ ಅಚ್ಚಿಗೆ ಹೋಗಲು ಇನ್ನು ನಾಲ್ಕು ದಿನವಿದೆ. ಆ ಸಾಲಿನಲ್ಲಿ ಒಂದು ಹೆಸರಿನಷ್ಟು ಜಾಗ ಬಿಟ್ಟಿದ್ದೇನೆ.