ಅಪ್ಪನಿಗೆ ಸಾಲ ಕೊಟ್ಟ ಮಗ

17 ಜನವರಿ 2026, ಶನಿವಾರ
ಕಾರಟಗಿ

ಮಗ ಇವತ್ತು ತನ್ನ ಖಾತೆಯಿಂದ 3,000 ರೂಪಾಯಿ ತೆಗೆದು ಅವರಪ್ಪನ ಕೈಗೆ ಕೊಟ್ಟ. ಗಾಡಿಯ ಎರಡೂ ಟೈರು ಸವೆದು ನುಣ್ಣಗಾಗಿದ್ದವು, ಇವರ ಕೈಯಲ್ಲಿ ರೊಕ್ಕ ಇರಲಿಲ್ಲ. ಕೊಡುವ ಮೊದಲು ಅವನು ಒಂದೇ ಮಾತು ಕೇಳಿದ: "ವಾಪಸ್ ಯಾವಾಗ ಕೊಡ್ತಿ?"

ಇವರ ಮುಖ ಕೆಂಪಾಯಿತು. "ಅಪ್ಪಗ ಸಾಲ ಕೊಡೂವಷ್ಟು ದೊಡ್ಡಾವ ಆದೇನಲೇ?"

ನಾನು ಮಗನ ಪರ ನಿಂತೆ. ನಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು ನಾನು. ಅಲ್ಲಿ ಪ್ರತಿನಿಧಿಯೇ ಸಾಲ ತೆಗೆದರೂ ಹೆಸರು, ತಾರೀಖು, ಕಂತು ಬರೆದೇ ಕೊಡುತ್ತೇವೆ. ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ಮಾತ್ರ ಮಕ್ಕಳ ರೊಕ್ಕಕ್ಕೆ ಪುಸ್ತಕ ಯಾಕಿಲ್ಲ? ನೆಂಟರು ಹೊರಡುವಾಗ ಮಗುವಿನ ಕೈಗೆ ನೂರು ರೂಪಾಯಿ ಇಡುತ್ತಾರೆ. ಅವರು ಬಾಗಿಲು ದಾಟುವುದೇ ತಡ, "ಕೊಡಿಲ್ಲಿ, ನಾ ಇಟ್ಟಿರ್ತೀನಿ" ಅಂತ ದೊಡ್ಡವರು ಇಸಿದುಕೊಳ್ಳುತ್ತಾರೆ. ಆ ನೂರು ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆ ಬೆಳೆದ ಹುಡುಗ ಕೈಗೆ ಬಂದದ್ದನ್ನು ಸಂಜೆಯೊಳಗೆ ಖರ್ಚು ಮಾಡಿದರೆ ಅವನನ್ನು ದಡ್ಡ ಅನ್ನುವ ಹಾಗಿಲ್ಲ. ಇಟ್ಟದ್ದು ಹೋಗುತ್ತದೆ, ತಿಂದದ್ದು ಉಳಿಯುತ್ತದೆ ಅಂತ ಮನೆಯೇ ಅವನಿಗೆ ಲೆಕ್ಕ ಹೇಳಿಕೊಟ್ಟಿದೆ.

ಇವರದೂ ತಪ್ಪಲ್ಲ ಬಿಡಿ, ಈ ವರ್ಷವೇ ಹಾಗಿದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಈಗ ಗೇಟುಗಳನ್ನೆಲ್ಲ ಬದಲಾಯಿಸುತ್ತಿದ್ದಾರೆ. ಎರಡನೇ ಬೆಳೆಗೆ ನೀರಿಲ್ಲ. ವರ್ಷಕ್ಕೆ ಎರಡು ಸಲ ರೊಕ್ಕ ನೋಡುತ್ತಿದ್ದ ಮನೆ ಈ ಸಲ ಒಂದೇ ಬೆಳೆಯಲ್ಲಿ ದಿನ ತಳ್ಳಬೇಕು. ತಿಂಗಳ ಪಗಾರದಲ್ಲಿ ಇಷ್ಟು ಖರ್ಚು, ಇಷ್ಟು ಉಳಿತಾಯ ಅಂತ ಮೊಬೈಲಿನಲ್ಲಿ ಹೇಳುವವರ ಮಾತು ನಮ್ಮ ಮಕ್ಕಳಿಗೆ ಅರ್ಥವೇ ಆಗುವುದಿಲ್ಲ. ಭತ್ತ ಮಾರಿದ ವಾರ ಹೊಸ ಬಟ್ಟೆ, ಆಮೇಲೆ ತಿಂಗಳುಗಟ್ಟಲೆ ಅಂಗಡಿಯಲ್ಲಿ ಉದ್ರಿ. ಅವರು ಕಂಡ ಲೆಕ್ಕ ಅದು. ಅದಕ್ಕೇ ನಾನು ಬ್ಲೌಸ್ ಹೊಲಿದ ರೊಕ್ಕದಲ್ಲಿ ಇಬ್ಬರಿಗೂ ತಿಂಗಳ ಮೊದಲ ತಾರೀಖಿಗೆ ತಪ್ಪದೆ ಕೊಡುತ್ತೇನೆ. ಮಗನಿಗೆ 300, ಮಗಳಿಗೆ 200. ಪೆನ್ನು, ರಿಚಾರ್ಜ್, ಗೆಳತಿಯ ಹುಟ್ಟುಹಬ್ಬ, ಎಲ್ಲ ಅದರಲ್ಲೇ. ಮುಗಿದರೆ ಮುಗಿಯಿತು.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಗಳು ಮೊದಲನೇ ಅಂಗಡಿಯಲ್ಲೇ ಕ್ಲಿಪ್ಪು, ಬಳೆ ಅಂತ ಪೂರ್ತಿ ಖಾಲಿ ಮಾಡಿದಳು. ನಾಲ್ಕು ಅಂಗಡಿ ಆಚೆ ಅವಳಿಗೆ ನಿಜವಾಗಿ ಬೇಕಾದ ಝುಮಕಿ ಇತ್ತು. ಅತ್ತಿ ಸೆರಗಿನ ಗಂಟಿಗೆ ಕೈ ಹಾಕಿದರು, ಬೇಡ ಅಂದೆ. ಬಸ್ಸಿನಲ್ಲಿ ಇಬ್ಬರೂ ನನ್ನ ಜೊತೆ ಮಾತಾಡಲಿಲ್ಲ.

ಈಗ ಅವಳಿಗೂ ಖಾತೆ ಬೇಕಂತೆ. ಹದಿಮೂರು ವರ್ಷ, ಅಡ್ಡಿಯಿಲ್ಲ. ಹತ್ತು ದಾಟಿದ ಮಕ್ಕಳು ತಮ್ಮದೇ ಸಹಿಯಲ್ಲಿ ಉಳಿತಾಯ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಎಷ್ಟರ ಮಿತಿ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಎನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ನನಗೆ ಹಿಡಿಸಿದ್ದು, ಆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ ಅನ್ನುವುದು. ಅವಳಿಗೆ ಪೋಸ್ಟಾಫೀಸೇ ಸಾಕು ಅಂತ ನನ್ನ ಲೆಕ್ಕ: 500 ಇದ್ದರೆ ಖಾತೆ, ಬಡ್ಡಿ ನೂರಕ್ಕೆ 4. ಜೊತೆಗೆ ತಿಂಗಳಿಗೆ 100ರ ಆರ್‌ಡಿ ಕಟ್ಟಿದರೆ ಐದು ವರ್ಷಕ್ಕೆ 6,000 ಕಟ್ಟಿದ್ದಕ್ಕೆ 7,100 ಚಿಲ್ಲರೆ ಬರುತ್ತದೆ, ಈಗಿನ 6.7ರ ಬಡ್ಡಿಯಲ್ಲಿ. ಒಂದು ತಿಂಗಳು ತಪ್ಪಿದರೆ ದಂಡ ಒಂದು ರೂಪಾಯಿ. "ಒಂದೇ ರೂಪಾಯಿ?" ಅಂತ ಅವಳು ನಕ್ಕಳು. ನಮ್ಮ ಸಂಘದಲ್ಲಿ ಇದಕ್ಕಿಂತ ಜಾಸ್ತಿ ಅಂತ ಅವಳಿಗೂ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಇಬ್ಬರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಹೇಳಿದ್ದೇನೆ. ಕಾಲೇಜಿನ ಹುಡುಗರಿಗೆ ಯಾರ್‍ಯಾರೋ ಗಂಟು ಬೀಳುತ್ತಾರೆ. ನಿನ್ನ ಅಕೌಂಟಿಗೆ ಸ್ವಲ್ಪ ರೊಕ್ಕ ಬರುತ್ತದೆ, ತೆಗೆದು ಕೊಡು, ಕಮಿಷನ್ ನಿನಗೆ ಅನ್ನುತ್ತಾರೆ. ಅದು ಎಲ್ಲೋ ಯಾರಿಗೋ ಮೋಸ ಮಾಡಿ ತಂದ ರೊಕ್ಕ. ಮ್ಯೂಲ್ ಅಕೌಂಟ್ ಅಂತಾರೆ ಅದಕ್ಕೆ. ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಅಂಥದ್ದೇನಾದರೂ ಆದರೆ ಮುಚ್ಚಿಡಬೇಡಿ, ಮೊದಲು ನನಗೆ ಹೇಳಿ, ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಿ ಅಂದೆ. ಕೊನೆಗೆ ಒಂದೇ ನಿಯಮ ಇಟ್ಟೆ: ನಿಮ್ಮ ಖಾತೆಗೆ ನಿಮ್ಮದಲ್ಲದ ಒಂದು ರೂಪಾಯಿಯೂ ಬರಬಾರದು.

ಟೈರಿನ ಸಾಲ ಕೊನೆಗೆ ಬರೆದೇ ಆಯಿತು. ಮನೆಯಲ್ಲಿ ಇನ್ನೂ ಸೋನಾ ಮಸೂರಿ ಚೀಲ ಉಳಿದಿವೆ, ರೇಟು ಬಂದಾಗ ಮಾರಿ ಕೊಡುತ್ತೇನೆ ಅಂದರು ಇವರು. ಮಗ ಒಪ್ಪಲಿಲ್ಲ. "ರೇಟು ಬರದಿದ್ರ?" ಯುಗಾದಿ ಅಂತ ಬರೆಸಿಕೊಂಡ. ಬಡ್ಡಿ ಬೇಡ ಅಂದನಂತೆ, ದೊಡ್ಡ ಮನಸ್ಸು! ಇವರು ಸಹಿ ಮಾಡಿ ಎದ್ದು ಹೋದರು, ಊಟದ ಹೊತ್ತಿಗೆ ಎಲ್ಲರ ಮುಂದೆ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ರಾತ್ರಿ ಅತ್ತಿ ಮೊಮ್ಮಗಳನ್ನು ಪಕ್ಕಕ್ಕೆ ಕರೆದರು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ, ಗೃಹಲಕ್ಷ್ಮಿಯ 2,000 ಅವರ ಹೆಸರಿಗೇ ಬರುತ್ತದೆ. ಬಂತು ಅಂತ ಗೊತ್ತಾದರೆ ಸಾಕು, ಮಕ್ಕಳೆಲ್ಲ "ಯವ್ವಾ" ಅಂತ ಸುತ್ತ ಕೂಡುತ್ತಾರೆ. "ನಿನ್ನ ಪೋಸ್ಟಿನ ಬುಕ್ಕಿನ್ಯಾಗ ನಂದು ಸ್ವಲ್ಪ ಇಟ್ಕೋ ತಾಯಿ, ಯಾರಿಗೂ ಹೇಳಬ್ಯಾಡ. ಬೇಕಂದಾಗ ಕೇಳ್ತೀನಿ."

ಮಗಳು ನೇರ ಅಡುಗೆಮನೆಗೆ ಬಂದು ಕೇಳಿದಳು: "ಅವ್ವಾ, ಅಜ್ಜಿದೂ ಮ್ಯೂಲ್ ಆಕ್ಕತೇನು?"